ಧನ್ಯವಾದ ಹೇಳದ ಸೇತುವೆ

ನಮ್ಮೂರಿನ ಬಟ್ಟೆ ಅಂಗಡಿ ದಿನಾ ಬೆಳಿಗ್ಗೆ ಗಿರಗಿರನೆ ತಿರುಗುತ್ತ ಬಂದು ನಿಲ್ಲುತ್ತದೆ. ನಿಂತ ಮೇಲೆ ಅದರ ಬಾಗಿಲು ಒಂದು ದಿನ ರಸ್ತೆಯ ಕಡೆಗಿರುತ್ತದೆ, ಇನ್ನೊಂದು ದಿನ ಚರಂಡಿಯ ಕಡೆಗೆ. ಚರಂಡಿಯ ಕಡೆಗೆ ಬಂದ ದಿನ ಅಂಗಡಿಯವರು ಒಂದು ಹಲಗೆ ಹಾಕುತ್ತಾರೆ, ಅವರ ತಾಯಿ ಹಲಗೆಯ ಪಕ್ಕದಲ್ಲಿ ನಿಂತು ಬಂದ ಹೆಂಗಸರಿಗೆಲ್ಲ ಕೈ ಕೊಡುತ್ತಾರೆ. ಗೋಡೆಯ ಮೇಲೆ ಅಂಗಡಿಯನ್ನು ತೋರಿಸಿದವರು ಆಕೆಯ ಗಂಡ. ತಿರುಗುವ ಅನಿಮೇಷನ್ನೇ ಬೇಕೆಂದು ಹಟ ಹಿಡಿದಿದ್ದರಂತೆ. ಆಕೆ ಈಗಲೂ ಕೈ ಕೊಡುವಾಗ, "ನೋಡಿ ಕಾಲಿಡ್ರಿ ತಾಯಿ, ನಮ್ಮವರಿಗೆ ಸುಮ್ಮನ ಬಂದು ನಿಲ್ಲೂದು ಗೊತ್ತ ಇರ್ಲಿಲ್ಲ" ಎನ್ನುತ್ತಾರೆ.

ಗೋಡೆ ಎಂದರೆ ಹಳೆಯ ಹತ್ತಿ ಮಂಡಿಯ ಒಳಗಿನ ಸುಣ್ಣದ ಗೋಡೆ. ಅಮಾವಾಸ್ಯೆಯ ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಸರದಿ ಬಂದವರು ಅದರ ಮೇಲೆ ತಮ್ಮ ಸ್ಲೈಡುಗಳನ್ನು ತೋರಿಸುತ್ತಾರೆ. ತೋರಿಸಿದ್ದು ಮರುದಿನದಿಂದ, ತೋರಿಸಿದ ಜಾಗಕ್ಕೆ, ತೋರಿಸಿದ ರೀತಿಯಲ್ಲೇ ಬರುತ್ತದೆ. ಸಂಜೆಗೆ ಹೋಗುತ್ತದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಸರದಿ. ಮನುಷ್ಯರನ್ನು ತೋರಿಸುವಂತಿಲ್ಲ. ಹಿಂದೆ ಯಾರೋ ತೋರಿಸಿದ್ದರಂತೆ. ಆ ಮಾತನ್ನು ನಮ್ಮಲ್ಲಿ ಆಡುವುದಿಲ್ಲ.

ಹೀಗಾಗಿ ನಮ್ಮೂರಲ್ಲಿ ಎಲ್ಲದಕ್ಕೂ ಒಂದು ನಡಿಗೆ ಇದೆ. ಅಂಚೆ ಡಬ್ಬಿಯನ್ನು ಬಿಳಿಯ ಮೇಲೆ ತಿಳಿಹಳದಿಯಲ್ಲಿ ತೋರಿಸಿದ್ದರಿಂದ ಅದು ಇದ್ದರೂ ಕಣ್ಣಿಗೆ ಕಾಣುವುದಿಲ್ಲ. ಎಲ್ಲರೂ ಗೋಡೆ ತಡವರಿಸಿಯೇ ಕಾಗದ ಹಾಕುತ್ತಾರೆ, ಹಾಕಿದವರು ಹಿಂದೆ ಬಂದವರ ಕೈ ಹಿಡಿದು ಬಾಯಿಯ ಮೇಲೆ ಇಟ್ಟು ಹೋಗುತ್ತಾರೆ. ವಾಚನಾಲಯವನ್ನು ತೋರಿಸಿದವರು ಒಂದೇ ಸ್ಲೈಡಿನಲ್ಲಿ ಇಪ್ಪತ್ತು ಸಾಲು ತುರುಕಿದ್ದರು. ಒಳಗೆ ಕೂತವರ ಮೊಣಕೈಗಳು ಒಂದಕ್ಕೊಂದು ತಾಗುತ್ತವೆ, ಪುಟ ತಿರುಗಿಸಬೇಕಾದರೆ ಪಕ್ಕದವರನ್ನು ಕೇಳಬೇಕು. ಮೀನು ಪೇಟೆಯ ದೀಪದ ಕಂಬ ಕ್ಲಿಕ್ ಮಾಡಿದರೆ ಮಾತ್ರ ಬರುತ್ತದೆ. ಬೇಕಾದವರು ನಾಲಿಗೆಯಿಂದ ಲೊಚಗುಟ್ಟಬೇಕು. ಹಲ್ಲಿಲ್ಲದ ಮುದುಕರಿಗಾಗಿ ದಾರಿಹೋಕರು ಲೊಚಗುಟ್ಟಿ ಹೋಗುತ್ತಾರೆ.

ಇನ್ನು ಗುಲಾಬಿ. ನಮ್ಮವರು ಮರ್ಯಾದೆಯ ಜನ. ಯಾರೇ ಏನೇ ತೋರಿಸಲಿ, ಕೊನೆಯ ಸ್ಲೈಡು ಧನ್ಯವಾದಗಳದ್ದು: ಮಧ್ಯದಲ್ಲಿ ದಪ್ಪ ಅಕ್ಷರ, ಕೆಳಗೆ ಒಂದು ಗುಲಾಬಿ ಗುಚ್ಛ. ಆ ಚಿತ್ರವನ್ನು ಮೊದಲು ಯಾರು ಹಾಕಿದರೋ, ಆಮೇಲೆ ಎಲ್ಲರೂ ಅದನ್ನೇ ಹಾಕಿದರು. ಆದ್ದರಿಂದ ಸಂಜೆ ಅಂಗಡಿ ಹೋದ ಜಾಗದಲ್ಲಿ, ಅಂಚೆ ಡಬ್ಬಿ ಹೋದ ಜಾಗದಲ್ಲಿ, ದೀಪದ ಕಂಬ ಹೋದ ಜಾಗದಲ್ಲಿ ಒಂದೊಂದು ಗುಲಾಬಿ ಗುಚ್ಛ ಬಿದ್ದಿರುತ್ತದೆ. ಹೆಣ್ಣುಮಕ್ಕಳು ಮುಡಿಯುತ್ತಾರೆ, ಮಿಕ್ಕದ್ದನ್ನು ಆಡುಗಳು ತಿನ್ನುತ್ತವೆ. ನಮ್ಮೂರಿನ ಆಡಿನ ಹಾಲಿಗೆ ಗುಲಾಬಿಯ ವಾಸನೆ. ಹೊರಗಿನವರು ಅದನ್ನು ಕುಡಿಯಲಾರರು.

ನಾನು ನನ್ನ ಸರದಿಯನ್ನು ಬಹಳ ಕಾಲ ಉಳಿಸಿಕೊಂಡೇ ಬಂದಿದ್ದೆ. ಕಾಲೇಜು ಮುಗಿಸಿ ಇಲ್ಲಿನ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಊರವರು ಈಗಲೂ ಅಕ್ಕಾವ್ರು ಎಂದೇ ಕರೆಯುತ್ತಾರೆ. ನನಗೆ ಬೇಕಾಗಿದ್ದದ್ದು ಒಂದು ಉಯ್ಯಾಲೆ. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನನ್ನ ತವರಿನಲ್ಲಿದ್ದದ್ದು. ಹಿತ್ತಾಳೆಯ ಸರಪಳಿಗೆ ಪುಟ್ಟ ಪುಟ್ಟ ನವಿಲುಗಳಿದ್ದವು. ಮನೆ ಸುಟ್ಟಾಗ ಅದೂ ಹೋಯಿತು. ನಮ್ಮ ಯಜಮಾನರು ಈ ಮನೆ ಕಟ್ಟಿಸುವಾಗ, ಎಂದಾದರೂ ಬೇಕಾಗುತ್ತದೆ ಎಂದು ಪಡಸಾಲೆಯ ತೊಲೆಗೆ ಕೊಂಡಿಗಳನ್ನು ಹಾಕಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಕೊಂಡಿಗಳಿಗೆ ನಾನು ಉಳ್ಳಾಗಡ್ಡಿಯ ಬುಟ್ಟಿ ಕಟ್ಟುತ್ತಿದ್ದೆ. ಮೊಣಕಾಲು ತಕರಾರು ಮಾಡತೊಡಗಿದ ವರ್ಷ, ಇನ್ನು ತಡ ಮಾಡಬಾರದೆಂದು ಶಹನಾಜಳ ತರಗತಿಗೆ ಸೇರಿಕೊಂಡೆ.

ಶಹನಾಜ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳಿಗೂ ಅಲ್ಲಲ್ಲಿ ಕೂದಲು ನೆರೆತಿದೆ. ಗೋಡೆಗೆ ಸ್ಲೈಡು ಮಾಡುವುದನ್ನು ಊರಿಗೆಲ್ಲ ಕಲಿಸುವವಳು ಅವಳೇ. ಕಲಿಸುವುದಕ್ಕಿಂತ ಬೈಯುವುದು ಹೆಚ್ಚು.

"ಅಕ್ಕಾವ್ರ, ಒಂದ್ ಸ್ಲೈಡಿಗೆ ಒಂದ ಮಾತು. ನೀವು ನಮಗ ಖಂಡಗಳೆಲ್ಲಾ ಒಂದ ದಿನಾ ಬಾಯಿಪಾಠ ಮಾಡ್ಸಿಧಂಗ ಮಾಡಬ್ಯಾಡ್ರಿ."

"ಇಲ್ಲಿ ಇಷ್ಟು ಜಾಗ ಖಾಲಿ ಉಳಿತಲ್ಲ ಶಹನಾಜ? ಒಂದು ಹೂಕುಂಡ ಇಡಲೇನು?"

"ಖಾಲಿ ಇರ್ಲಿ ಬಿಡ್ರಿ. ಖಾಲಿ ಇದ್ದಲ್ಲೇ ಮನಶ್ಯಾ ಉಸರಾಡೂದು. ವಾಚನಾಲಯ ನೋಡೀರಲ್ಲ?"

ಉಯ್ಯಾಲೆಯ ಚಲನೆಗೇ ಬಹಳ ಪಾಠವಾಯಿತು. ಹೊರಡುವಾಗ ಮೆಲ್ಲಗೆ, ನಡುವೆ ಬೇಕಾದಷ್ಟು ಜೋರು, ನಿಲ್ಲುವಾಗ ಮತ್ತೆ ಮೆಲ್ಲಗೆ. ಇಲ್ಲವಾದರೆ, ಅವಳ ಪ್ರಕಾರ, "ಉಯ್ಯಾಲಿ ನಿಮ್ಮನ್ನ ಎತ್ತಿ ಒಯ್ದು ಸುಗಲಾನ ಅಂಗಳದಾಗ ಒಗೀತೈತಿ. ಆಕಿ ಬಸರಿ ಹೆಂಗಸು, ಗಾಬರಿ ಆದಾಳು." ಬಾಯಿ ಹೀಗೆ. ಆದರೆ ಮರುದಿನ ಹೋಗಿ ನೋಡಿದರೆ ನನ್ನ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಟ್ಟಿದ್ದಳು, ಕುರ್ಚಿಯನ್ನು ಬಿಸಿಲು ಬೀಳದ ಕಡೆಗೆ ಸರಿಸಿದ್ದಳು. ನಾನು ಕೇಳಿರಲಿಲ್ಲ. ಅವಳೂ ಹೇಳಲಿಲ್ಲ.

ಸುಗಲಾ ನಮ್ಮ ಪಕ್ಕದ ಮನೆಯವಳು, ದರ್ಜಿಯ ಹೆಂಡತಿ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತ, ಗುಂಡಿ ಹಚ್ಚುತ್ತ, ಯಾವಾಗಲೂ ಏನಾದರೂ ಗುನುಗುತ್ತಿದ್ದ ಹುಡುಗಿ. ಎರಡು ವರ್ಷದಿಂದ ಗುನುಗುವುದು ನಿಂತಿತ್ತು. ಅದಕ್ಕೆ ಕಾರಣ ಸೇತುವೆ.

ನಮ್ಮೂರನ್ನು ಒಂದು ಹೊಳೆ ಎರಡಾಗಿ ಸೀಳಿದೆ. ಆಚೆ ದಂಡೆಯಲ್ಲಿ ಆಸ್ಪತ್ರೆ, ಈಚೆ ನಮ್ಮ ಮನೆಗಳು. ಕಲ್ಲುಬಂಡೆಗಳಿಂದಾಗಿ ದೋಣಿ ನಡೆಯುವುದಿಲ್ಲ; ಸುತ್ತಿ ಹೋಗಬೇಕೆಂದರೆ ಗುಡ್ಡ ಹತ್ತಿಳಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಸೇತುವೆಯನ್ನು ತೋರಿಸಿದವರು ರಾಚಪ್ಪ ಮಾಸ್ತರು, ನಮ್ಮ ಶಾಲೆಯಲ್ಲೇ ಚಿತ್ರಕಲೆ ಕಲಿಸುತ್ತಿದ್ದವರು. ಅಷ್ಟು ಚೆಂದದ ಸ್ಲೈಡು ಗೋಡೆಯ ಮೇಲೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಒಂದು ಕಮಾನು, ಎರಡು ಬಣ್ಣ, ಅಷ್ಟೇ. ಅದು ಮಂಜಿನೊಳಗಿನಿಂದ ಮೆಲ್ಲಗೆ ಮೂಡಿತು. ಕೊನೆಗೆ ಅಷ್ಟೇ ಮೆಲ್ಲಗೆ ಮಾಸುತ್ತ ಮಾಸುತ್ತ ಧನ್ಯವಾದಗಳಿಗೆ ದಾರಿ ಬಿಟ್ಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಹೀಗಾಗಿ ಸೇತುವೆ ದಿನವೂ ಬೆಳಕಿನ ಜೊತೆ ಮೂಡುತ್ತದೆ, ಸಂಜೆಯಾಗುತ್ತಲೇ ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗಾಗುತ್ತದೆ. ಯಾವ ಗಳಿಗೆಯವರೆಗೆ ಅದು ಮನುಷ್ಯನ ಭಾರ ತಡೆಯುತ್ತದೆ ಎನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಮಾಸ್ತರು ಸಂಜೆ ಸಂಜೆ ಛತ್ರಿ ಹಿಡಿದು ಸೇತುವೆಯ ಬಾಯಲ್ಲಿ ಕೂರುತ್ತಿದ್ದರು. ಒಂದೊಂದೇ ಹರಳುಕಲ್ಲು ಎಸೆದು ಕಿವಿಗೊಡುತ್ತಿದ್ದರು. ಟಣ್ ಎಂದರೆ, "ಗಟ್ಟಿ ಐತಿ, ಬರ್ರಿ!" ಎಂದು ಕೂಗುತ್ತಿದ್ದರು. ಸದ್ದು ಮೆತ್ತಗಾದರೆ ಛತ್ರಿ ಅಡ್ಡ ಹಿಡಿಯುತ್ತಿದ್ದರು. ಆಮೇಲೆ ಎಸೆದ ಹರಳು ಸೇತುವೆಯೊಳಗಿಂದಲೇ ಹಾಯ್ದು ನೀರಿಗೆ ಬೀಳುತ್ತಿತ್ತು. ದಾಟಲಾಗದೆ ಉಳಿದವರನ್ನು ಮಾಸ್ತರು ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಹೆಂಡತಿ ಗೌರವ್ವ ಯಾವಾಗಲೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಿರುತ್ತಿದ್ದರು.

ಸುಗಲಾಳ ಮೊದಲ ಹೆರಿಗೆ ತಿಂಗಳ ಮುಂಚೆಯೇ ಬಂತು, ಸೇತುವೆ ಹೋದ ಮೇಲೆ ಬಂತು. ನರ್ಸ್ ಎಸ್ತೇರಮ್ಮ ಆಚೆ ದಂಡೆಯಲ್ಲಿ ಕಂದೀಲು ಹಿಡಿದು ನಿಂತು, ಹೀಗೆ ಮಾಡಿ, ಹಾಗೆ ಹಿಡಿಯಿರಿ ಎಂದು ಗಂಟಲು ಒಡೆಯುವವರೆಗೆ ಕೂಗಿ ಹೇಳಿದರು. ಈಚೆ ನಮ್ಮ ಕೈಗಳಿಗೆ ಅಷ್ಟು ಸಾಕಾಗಲಿಲ್ಲ. ಮಗು ಉಳಿಯಲಿಲ್ಲ. ಎಸ್ತೇರಮ್ಮನ ದನಿ ಅಂದಿನಿಂದ ಒಡಕಲಾಗಿಯೇ ಉಳಿದಿದೆ.

ಈಗ ಸುಗಲಾ ಮತ್ತೆ ಬಸುರಿ. ಆಚೆ ಹೋಗಿ ಇರು ಎಂದರೆ ಅತ್ತೆಯನ್ನು ಬಿಡುವಂತಿಲ್ಲ. ಇಲ್ಲಿ ಬಂದಿರಿ ಎಂದು ಎಸ್ತೇರಮ್ಮನನ್ನು ಕರೆದರೆ ಅಲ್ಲಿ ಆಸ್ಪತ್ರೆ ತುಂಬ ರೋಗಿಗಳು. ಒಂದು ಸಂಜೆ ನಾನು ಅವಳ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅವಳು ಹೊಳೆಯ ಕಡೆಗೇ ನೋಡುತ್ತಿದ್ದಳು.

"ಅಕ್ಕಾವ್ರ, ಹೊತ್ತು ಮುಣುಗೂದು ಯಾಕ್ರೀ ಇಷ್ಟು ಲಗೂ?" ಎಂದಳು.

ನಾನು ಭೂಗೋಳ ಕಲಿಸಿದವಳು. ಉತ್ತರ ಗೊತ್ತಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅವಳು ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು, ಒಳಗಿರುವ ಮಗುವಿಗೆ ಬಾಗಿಲು ಹಾಕಿಕೊಂಡಿರು ಎಂದು ಹೇಳುವವಳ ಹಾಗೆ. ಈ ಸಲ ಆ ಸೇತುವೆ ನಿಲ್ಲಲೇಬೇಕು ಎಂದು ನಾನು ತೀರ್ಮಾನಿಸಿದ್ದು ಆಗ. ಹೇಗೆ ಎಂಬುದು ಗೊತ್ತಿರಲಿಲ್ಲ. ಗೋಡೆಯಿಂದ ಬಂದದ್ದು ಸಂಜೆಗೆ ಹೋಗಬೇಕು. ಸೂರ್ಯ ಮುಳುಗುವ ಹಾಗೆ ಅದೂ ಒಂದು ನಿಯಮ ಎಂದೇ ನಾವೆಲ್ಲ ನಂಬಿದ್ದೆವು.

ಅಲ್ಲಿಂದ ಮನೆಗೆ ಹೋಗಲು ಮನಸ್ಸಾಗದೆ ಪೇಟೆಯ ಕಡೆಗೆ ನಡೆದೆ. ಮೊಣಕಾಲು ನೋಯತೊಡಗಿ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತೆ. ಅದು ತುಳಸವ್ವನ ಬೆಂಚು. ಅದರ ಮೇಲೆ ಯಾರೂ ಕೂರುವುದಿಲ್ಲ; ಮದುಮಕ್ಕಳನ್ನಂತೂ ಸುತ್ತುಹಾಕಿಸಿ ಕರೆದೊಯ್ಯುತ್ತಾರೆ. ತುಳಸವ್ವ ಅದನ್ನು ತೋರಿಸುತ್ತಿದ್ದ ದಿನ, ಬೆಂಚು ಗೋಡೆಯ ಮೇಲೆ ಬಂದು ನಿಂತ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿತ್ತು. ಧನ್ಯವಾದ ಹೇಳಲು ಆಗಲೇ ಇಲ್ಲ. ಪಾಪದ ಹೆಂಗಸು, ಮಾತು ಮುಗಿಸದೆ ಎದ್ದವಳು ಎಂದು ಸಾಯುವತನಕ ಅನ್ನಿಸಿಕೊಂಡಳು. ನನಗೆ ಅಂಥ ಭಯವಿಲ್ಲ, ಮೊಣಕಾಲೇ ನನ್ನ ಶಾಸ್ತ್ರ.

ನಾನು ನೋಡುತ್ತಿದ್ದಂತೆ ಬಟ್ಟೆ ಅಂಗಡಿ ತಿರುಗುತ್ತ ಹೋಯಿತು. ಅಂಚೆ ಡಬ್ಬಿಯೂ ಹೋಗಿರಬೇಕು, ಗುಲಾಬಿ ಬಿತ್ತು. ದೀಪದ ಕಂಬ ಹೋಯಿತು, ಗುಲಾಬಿ ಬಿತ್ತು. ಒಂದು ಆಡು ಬಂದು ಎಲ್ಲವನ್ನೂ ಸಾವಕಾಶವಾಗಿ ತಿನ್ನತೊಡಗಿತು. ನಾನು ಮಾತ್ರ ಕೂತೇ ಇದ್ದೆ. ಬೆಂಚಿನ ಮೇಲೆ. ಬೆಂಚು ಹೋಗಿರಲಿಲ್ಲ. ಎಂದೂ ಹೋಗಿರಲಿಲ್ಲ. ಮುಗಿಯದ ಕೆಲಸ, ಹಾಗಾಗಿ ಸಿಕ್ಕಿಕೊಂಡು ನಿಂತಿದೆ ಎಂದು ನಾವೆಲ್ಲ ಮುಖ ತಿರುಗಿಸಿ ಓಡಾಡಿದ್ದೆವೇ ಹೊರತು, ಸಂಜೆಗೆ ಹೋಗದ ವಸ್ತು ಊರಲ್ಲಿ ಇದೊಂದೇ ಎಂದು ಯಾರೂ ತಿರುಗಿ ನೋಡಿರಲಿಲ್ಲ. ಅದಕ್ಕೆ ಗುಲಾಬಿಯೂ ಇರಲಿಲ್ಲ.

ನಮ್ಮ ವಸ್ತುಗಳನ್ನು ಕಳಿಸುತ್ತಿದ್ದದ್ದು ಕತ್ತಲೆಯಲ್ಲ, ನಮ್ಮ ಮರ್ಯಾದೆ.

ಮರುದಿನ ಶಹನಾಜಳಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮೌಸನ್ನು ಬಿಟ್ಟಳು.

"ಯಾ ಅಲ್ಲಾ," ಎಂದಳು. "ಊರಿಗೆಲ್ಲಾ ಆ ಧನ್ಯವಾದದ ಸ್ಲೈಡು ಹಾಕಿಕೊಟ್ಟಾಕಿ ನಾನ." ಆಮೇಲೆ, "ಅಕ್ಕಾವ್ರ, ನಿಮ್ಮ ಉಯ್ಯಾಲಿ?"

"ಉಳ್ಳಾಗಡ್ಡಿ ಬುಟ್ಟಿ ಎಲ್ಲಿ ಕಟ್ಟಲಿ ಮತ್ತ?" ಎಂದೆ.

ಅವಳು ಪರದೆಯ ಮೇಲಿದ್ದ ನನ್ನ ನವಿಲಿನ ಸರಪಳಿಯನ್ನು ಒಮ್ಮೆ ನೋಡಿ, ಅಳಿಸದೆ, ಬೇರೆ ಕಡೆಗೆ ಎತ್ತಿಟ್ಟಳು. ಹೊಸ ಸ್ಲೈಡು ತೆರೆದಳು.

ಕೂಡಲೇ ಜಗಳ ಶುರುವಾಯಿತು. ಹಲಗೆಗಳು ಎರಡೂ ದಿಕ್ಕಿನಿಂದ ಹಾರಿ ಬಂದು ನಡುವೆ ಕೂಡಿ ಒಂದು ಸಲ ಪುಟಿಯಲಿ ಎಂದಳು ಅವಳು. ಹೊಳೆಯಲ್ಲಿ ಬಟ್ಟೆ ಒಗೆಯುವವರ ತಲೆಯ ಮೇಲೆ ಹಲಗೆ ಹಾರಿಸುತ್ತೀಯಾ ಎಂದೆ ನಾನು. ಹಾಗಾದರೆ ಸುಮ್ಮನೆ ಒಮ್ಮೆಗೇ ಕಾಣಿಸಲಿ ಎಂದಳು. ಒಮ್ಮೆಗೇ ಎಂದರೆ ಕೆಳಗಿದ್ದವರು ಗಾಬರಿಯಿಂದ ನೀರಿಗೆ ಬಿದ್ದಾರು ಎಂದೆ. ಕೊನೆಗೆ ಉಯ್ಯಾಲೆಗಾಗಿ ಕಲಿತದ್ದೇ ಕೆಲಸಕ್ಕೆ ಬಂತು: ಎರಡೂ ದಂಡೆಯಿಂದ ಮೆಲ್ಲಗೆ ಹೊರಟು, ನಡುವೆ ಹತ್ತಿರವಾಗುತ್ತ ಮತ್ತೆ ನಿಧಾನಿಸಿ, ಸದ್ದಿಲ್ಲದೆ ಕೂಡುವುದು. ತಿಳಿ ಬಣ್ಣದ ಮೇಲೆ ಗಾಢ ಬಣ್ಣ, ಕಣ್ಣು ಮಂಜಾದವರಿಗೂ ಕಾಣುವ ಹಾಗೆ. ಹೂವಿಲ್ಲ, ಅಂಚಿಲ್ಲ, ನೆರಳಿಲ್ಲ.

"ಇನ್ನೊಂದ್ ಐತಿ," ಎಂದಳು ಶಹನಾಜ. "ಕೊನೀ ಸ್ಲೈಡಿನ ಮ್ಯಾಲ ಮತ್ತೊಂದ್ ಸಲ ಒತ್ತಿದ್ರ ಮಷೀನು ತಾನ ಕರೀ ಪರದೆ ತೋರಸ್ತೈತಿ. ಆ ಕತ್ತಲಾನೂ ಬಂದು ಕೂಡ್ತೈತಿ, ಸೇತುವಿ ಮತ್ತ ಹೋಗ್ತೈತಿ. ಒತ್ತಬಾರದು. ವಾಯರ್ ಕೀಳಬೇಕು."

ನಾವು ಕೀಳುವಂತಿಲ್ಲ ಎನ್ನುವುದೇ ತೊಡಕು. ಗೋಡೆಯ ಮುಂದಿನ ಯಂತ್ರವನ್ನು ಮುಟ್ಟುವ ಹಕ್ಕು ಬಸಲಿಂಗಮ್ಮನಿಗೆ ಮಾತ್ರ. ಕೊನೆಯ ಗುಂಡಿ ಒತ್ತುವವಳು ಅವಳೇ. ಅವಳು ಗೋಡೆಯ ಯಜಮಾನಿ, ಧನ್ಯವಾದವಿಲ್ಲದ ಒಂದು ಆಟವನ್ನೂ ಈವರೆಗೆ ಬಿಟ್ಟವಳಲ್ಲ. ಅಷ್ಟೇ ಅಲ್ಲ, ಬಸಲಿಂಗಮ್ಮ ತುಳಸವ್ವನ ಮಗಳು.

ಅದಕ್ಕೆ ಮೊದಲು ಮಾಸ್ತರರ ಒಪ್ಪಿಗೆ ಬೇಕಿತ್ತು. ಒಬ್ಬರು ತೋರಿಸಿದ್ದನ್ನು ಅವರನ್ನು ಕೇಳದೆ ಇನ್ನೊಬ್ಬರು ತೋರಿಸುವಂತಿಲ್ಲ. ಅವರು ನನ್ನ ಮಾತನ್ನೆಲ್ಲ ಕೇಳಿ, ಛತ್ರಿಯ ಹಿಡಿಕೆಯನ್ನು ತಿರುಗಿಸುತ್ತ ಕೂತರು.

"ಆ ಮಾಸೂದನ್ನ ನಾ ಎಷ್ಟು ಪ್ರೀತಿಲೆ ಹಾಕಿದ್ದೆ ಅಂತೀರಿ, ವತ್ಸಲಾಬಾಯಿ. ಮಂದಿ ಎಲ್ಲಾ ಎದ್ದು ನಿಂತು ಚಪ್ಪಾಳಿ ಹೊಡದ್ರು."

"ಚಪ್ಪಾಳಿ ಹೊಡದವರಿಗೆಲ್ಲಾ ರೊಟ್ಟಿ ಬಡದಾಕಿ ನಾನು," ಎಂದರು ಗೌರವ್ವ ಒಳಗಿನಿಂದ. "ಒಪ್ಪಿಗೊಳ್ರಿ ಸುಮ್ಮನ. ಸಂಜಿ ಆತಂದ್ರ ಹರಳು ಆರಿಸ್ಕೊಂಡು ಹೊಂಡತೀರಿ, ಮನಿಯಾಗ ಒಂದ್ ಕಪ್ ಚಾ ಕೂತು ಕುಡದು ಎಷ್ಟು ದಿನಾ ಆತು?"

ಮಾಸ್ತರು ನಕ್ಕರು. ಆಮೇಲೆ ಮೆಲ್ಲಗೆ, "ಆ ಹುಡುಗಿ ನನ್ನನ್ನ ಒಂದ್ ಮಾತು ಅಂದಿಲ್ರಿ. ದಾರ್ಯಾಗ ಸಿಕ್ರ ನಮಸ್ಕಾರ ಮಾಡ್ತಾಳ. ಅಂದಿದ್ರ ಚಲೋ ಇತ್ತು," ಎಂದರು. ಒಪ್ಪಿದರು. ಒಂದೇ ಷರತ್ತು ಹಾಕಿದರು, ಕಮಾನಿನ ಗೆರೆ ಅವರೇ ಎಳೆಯಬೇಕೆಂದು. ಅಲ್ಲೇ ಕೂತು, ಒಂದೇ ಎಳೆತದಲ್ಲಿ ಗೆರೆ ಎಳೆದುಕೊಟ್ಟರು.

ಬಸಲಿಂಗಮ್ಮ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದಳು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ನಾನು ಹೇಳುವವರೆಗೆ ಮೊರವನ್ನು ನಿಲ್ಲಿಸಲಿಲ್ಲ. ಹೇಳಿದ ಮೇಲೂ ನಿಲ್ಲಿಸಲಿಲ್ಲ.

"ಉಂಡು ಕೈ ತೊಳಕೊಳ್ಳಲಾರದ ಎದ್ದು ಹೋಗ್ತಿಯೇನ ವತ್ಸಲಾ ನೀನು?"

"ಊಟಕ್ಕ ಕುಂದ್ರೂ ಮೊದಲೂ ತೊಳಕೋತೀವಲ್ಲ ಬಸಲಿಂಗಮ್ಮ. ನಾ ಮೊದಲ ತೊಳಕೋತೀನಿ. ಧನ್ಯವಾದದ ಸ್ಲೈಡು ಮೊದಲ ಬರತದ."

"ಮತ್ತ ಆಮ್ಯಾಲ?"

"ಆಮ್ಯಾಲ ಏಳಂಗಿಲ್ಲ. ಪಂಕ್ತಿ ಇನ್ನೂ ಮುಗದಿಲ್ಲ ಅಂತ ತಿಳಕೊ."

ಮೊರ ನಿಂತಿತು. "ಶಾಣ್ಯಾಕಿ ಅದಿ," ಎಂದಳು. "ನಮ್ಮವ್ವಗ ಇಂಥಾ ಮಾತು ಬರತಿರ್ಲಿಲ್ಲ. ನೀರು ತರಾಕ ಹೋದ್ರ ಕೊಡಪಾನ ಸರಿಸಿಕೊಳ್ಳೋರು. ಆಕಿ ಅನುಭವಿಸಿದ್ದು ಇನ್ನೊಬ್ಬರಿಗೆ ಬರಬಾರದಂತನ ನಾ ಆ ಗುಂಡಿ ಹಿಡಕೊಂಡು ಕುಂತೀನಿ."

"ಗೊತ್ತದ. ಆದ್ರ ಒಂದ್ ಸಂಜೀ ಹೋಗಿ ಆ ಬೆಂಚಿನ ಮ್ಯಾಲ ಕೂತು ನೋಡು. ಹೊತ್ತು ಮುಣುಗೂತನಾ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರೂ ಅಮಾಸಿ ದಿನಾ ನಾ ಬರ್ತೀನಿ. ಗುಂಡಿ ನಿನ್ನ ಕೈಯಾಗ ಇರ್ತದ, ಒತ್ತು, ಇಲ್ಲಾ ವಾಯರ್ ಕೀಳು. ನಾ ಕೈ ಹಿಡಿಯಂಗಿಲ್ಲ. ಆದ್ರ ಒತ್ತೂ ಮೊದಲ ನೀ ಅಲ್ಲಿ ಒಮ್ಮೆ ಕೂತಿರಬೇಕು."

ನಾನು ಏಳುವಾಗ ಮೊಣಕಾಲು ಕಟಕ್ ಎಂದಿತು. ಅವಳು ಮೊರವನ್ನು ಬದಿಗಿಟ್ಟು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಮತ್ತೆ ಕೂತು ಜೋಳ ಕೇರತೊಡಗಿದಳು. ಬೆಂಚಿನ ಹತ್ತಿರ ಅವಳು ಹೋದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೇಳಲು ಹೋಗಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಮಂಡಿ ತುಂಬಿತ್ತು. ಅಕ್ಕಾವ್ರು ಉಯ್ಯಾಲೆ ತೋರಿಸುತ್ತಾರೆ ಎಂದುಕೊಂಡು ಬಂದವರೇ ಹೆಚ್ಚು. ಸುಗಲಾ ಕಂಬಕ್ಕೆ ಒರಗಿ ಕೂತಿದ್ದಳು. ಯಾರೋ ತಮ್ಮ ಶಾಲನ್ನು ಮಡಿಸಿ ಅವಳ ಬೆನ್ನಿಗೆ ಕೊಟ್ಟಿದ್ದರು. ಕಂಬಳಿಗಳನ್ನು ಇಳಿಬಿಟ್ಟರು. ಬಸಲಿಂಗಮ್ಮ ಯಂತ್ರದ ಪಕ್ಕದಲ್ಲಿ, ಗುಂಡಿಯ ಮೇಲೆ ಬೆರಳಿಟ್ಟು ಕೂತಳು. ನನ್ನ ಕಡೆಗೆ ನೋಡಲಿಲ್ಲ.

ಮೊದಲು ಧನ್ಯವಾದಗಳ ಸ್ಲೈಡು ಬಂತು, ಗುಲಾಬಿ ಗುಚ್ಛದ ಜೊತೆ. ಅರ್ಧ ಜನ ಅಭ್ಯಾಸಬಲದಿಂದ ಎದ್ದು ನಿಂತು ಚಪ್ಪಲಿ ಹುಡುಕತೊಡಗಿದರು.

"ಮುಗದ ಹೋತೇನ್ರೀ? ನಾ ಈಗ ಬಂದು ಕುಂತೀನಿ!" ಎಂದರು ಹಿಂದಿನಿಂದ ಒಬ್ಬರು.

"ಕುಂದರ್ರಿ ಕಾಕಾ, ಇನ್ನೂ ಶುರು ಆಗಿಲ್ಲ," ಎಂದಳು ಶಹನಾಜ.

ಎರಡನೆಯದರಲ್ಲಿ ಬರೀ ಎರಡು ದಂಡೆಗಳಿದ್ದವು, ನಡುವೆ ಏನೂ ಇರಲಿಲ್ಲ. ಆ ಖಾಲಿಯನ್ನು ನಾನು ಬೇಕೆಂದೇ ಬಹಳ ಹೊತ್ತು ಇಟ್ಟಿದ್ದೆ. ಗುಸುಗುಸು ನಿಂತಿತು. ಯಾರೋ ಮೂಗು ಸೇದಿದರು. ಆ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಅಲ್ಲಿ ಯಾರು ಕಂದೀಲು ಹಿಡಿದು ನಿಂತಿದ್ದರೆಂದೂ. ಆಮೇಲೆ ಎರಡೂ ಕಡೆಯಿಂದ ಕಮಾನು ಹೊರಟಿತು. ಮಾಸ್ತರರ ಗೆರೆ. ಮೆಲ್ಲಗೆ, ನಡುವೆ ಓಡಿ, ಕೂಡುವ ಹೊತ್ತಿಗೆ ಮತ್ತೆ ಮೆಲ್ಲಗೆ. ಅಪರಿಚಿತರಿಬ್ಬರು ಒಬ್ಬರಿಗೊಬ್ಬರು ದಾರಿ ಬಿಡುವಷ್ಟು ನಯವಾಗಿ ಕೂಡಿತು. ನಿಂತಿತು.

ಜನ ಕೈ ಮುಗಿದು ಕಾದರು. ಮುಂದೆ ಏನೋ ಬರಬೇಕಲ್ಲ. ಬರಲಿಲ್ಲ. ಮಂಡಿಯ ಒಳಗೆ ಮುಜುಗರ ಹಬೆಯ ಹಾಗೆ ಏರುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನನ್ನ ಬಾಯಿಗೇ ಆ ಮಾತು ಬಂದುಬಿಟ್ಟಿತ್ತು. ಎಪ್ಪತ್ತು ದಾಟಿದ ನಾಲಿಗೆ, ಎಷ್ಟೋ ವರ್ಷಗಳ ರೂಢಿ. ಹಲ್ಲು ಕಚ್ಚಿ ಹಿಡಿದೆ. ಬಸಲಿಂಗಮ್ಮನ ಬೆರಳು ಗುಂಡಿಯ ಮೇಲಿತ್ತು.

"ಬಸಲಿಂಗಮ್ಮ," ಎಂದೆ, "ನಂದು ಇಷ್ಟ."

ಅವಳು ಬೆರಳು ತೆಗೆದಳು. ಎದ್ದಳು. ಬಗ್ಗಿ, ನೆಲದ ಮೇಲಿನ ವಾಯರನ್ನು ಕೈಯಿಂದ ತಡವುತ್ತ ತಡವುತ್ತ ಗೋಡೆಯವರೆಗೆ ಹೋದಳು. ಜನ ಕಾಲು ಮಡಚಿ ದಾರಿ ಬಿಟ್ಟರು. ಪ್ಲಗ್ಗನ್ನು ಎರಡೂ ಕೈಯಿಂದ ಹಿಡಿದು ಕಿತ್ತಳು. ಮಂಡಿ ಕತ್ತಲಾಯಿತು.

ಆ ಕತ್ತಲಲ್ಲಿ ಅವಳ ದನಿ ಕೇಳಿತು. "ನಮ್ಮವ್ವಂದೂ ಇಷ್ಟ ಇತ್ತು."

ಮರುದಿನ ನಸುಕಿಗೇ ಅರ್ಧ ಊರು ಹೊಳೆಯ ದಂಡೆಯಲ್ಲಿತ್ತು. ಹಳೆಯ ಸೇತುವೆ ಮೂಡಲಿಲ್ಲ. ಮೊದಲು ಗುಲಾಬಿ ಗುಚ್ಛ ಬಂದು ಕಲ್ಲಿನ ಮೇಲೆ ಬಿತ್ತು. ಆಡುಗಳು ಹೊತ್ತಲ್ಲದ ಹೊತ್ತಿನಲ್ಲಿ ಗುಲಾಬಿಯನ್ನು ಕಂಡು ತಿನ್ನಬೇಕೋ ಬೇಡವೋ ಎಂದು ನಿಂತವು. ಆಮೇಲೆ ಎರಡೂ ದಂಡೆಯಿಂದ ಕಲ್ಲಿನ ಕಮಾನು ಹೊರಟಿತು. ಬಟ್ಟೆ ಒಗೆಯಲು ಬಂದವರಿಗೆ ಎದ್ದು, ಪಿಂಡಿ ಕಟ್ಟಿ, ಬದಿಗೆ ಸರಿದು ನಿಲ್ಲುವಷ್ಟು ಪುರುಸೊತ್ತು ಕೊಟ್ಟು ಬಂತು. ಸದ್ದಿಲ್ಲದೆ ಕೂಡಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಸಂಜೆಯದೇ ಚಿಂತೆ.

ಸಂಜೆ ಬಂತು. ಮಾಸ್ತರು ಛತ್ರಿ ಹಿಡಿದು ತಮ್ಮ ಜಾಗದಲ್ಲಿ ಕೂತರು. ಹರಳು ಎಸೆದರು. ಟಣ್ ಎಂದಿತು. ಪೇಟೆಯ ಕಡೆಯಿಂದ ಅಂಗಡಿ ತಿರುಗುತ್ತ ಹೋದ ಸದ್ದು ಬಂತು. ಇನ್ನೊಂದು ಹರಳು ಎಸೆದರು. ಟಣ್. ಬಿಸಿಲು ಗುಡ್ಡದ ಹಿಂದೆ ಹೋಯಿತು. ಮತ್ತೊಂದು. ಟಣ್. ಆಮೇಲೆ ಎಸೆಯಲು ಅವರ ಕೈಯಲ್ಲಿ ಹರಳಿತ್ತು, ಕೈ ಏಳಲಿಲ್ಲ. ಆಚೆಯಿಂದ ಯಾರೋ ಬರುತ್ತಿದ್ದರು. ಕಂದೀಲಿನ ಬೆಳಕು ಸೇತುವೆಯ ಮೇಲೆ, ನೀರಿನ ಮೇಲಲ್ಲ, ಸೇತುವೆಯ ಮೇಲೆ ಅಲ್ಲಾಡುತ್ತ ಬಂತು.

"ಗಟ್ಟಿ ಐತಿ, ಬರ್ರಿ!" ಎಂದು ಕೂಗಿದರು ಮಾಸ್ತರು.

"ಗೊತ್ತದ ಬಿಡ್ರಿ ಮಾಸ್ತರ, ಕಾಲಿಗೆ ತಿಳೀತದ," ಎಂದು ಒಡಕು ದನಿಯಲ್ಲಿ ಹೇಳುತ್ತ ಎಸ್ತೇರಮ್ಮ ಈಚೆ ಬಂದರು. "ಏನ ಕೆಲಸ ಇಲ್ಲ ಮತ್ತ, ಸುಮ್ಮನ ಬಂದೆ. ಚಾ ಕುಡ್ಯಾಕ. ಸುಗಲಾ, ಚಾ ಹಾಕ್ತಿಯೇನವಾ?"

ಸುಗಲಾ ಚಹಾ ಹಾಕಿ ತಂದಳು. ಆದರೆ ಮನೆಯೊಳಗೆ ಕೊಡಲಿಲ್ಲ. ಸೇತುವೆಯ ನಡುವಿನವರೆಗೆ ಹೊತ್ತು ತಂದಳು, ಒಂದೊಂದು ಹೆಜ್ಜೆಯನ್ನೂ ಇಟ್ಟು ನೋಡುತ್ತ. ಗೌರವ್ವ ರೂಢಿಯಂತೆ ಹೆಚ್ಚಿಗೆ ಬಡಿದಿದ್ದ ರೊಟ್ಟಿಗಳನ್ನು, ಉಳಿದುಹೋದವರು ಯಾರೂ ಇಲ್ಲವಲ್ಲ ಎಂದು ಗೊಣಗುತ್ತ, ಅಲ್ಲಿಗೇ ತಂದರು. ಬಸಲಿಂಗಮ್ಮನಿಗೆ ಕರೆ ಕಳಿಸಿದೆವು. ಅವಳು ಪೇಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ, ಇನ್ನಿಬ್ಬರೂ ಜೊತೆಗೆ ಕೂತಿದ್ದಾರೆ, ಆಮೇಲೆ ಬರುತ್ತಾಳಂತೆ ಎಂದು ಶಹನಾಜ ಬಂದು ಹೇಳಿದಳು.

ಕೆಳಗೆ ನೀರಿನ ಸದ್ದು. ಕಲ್ಲಿನ ಬಿಸಿ ಇನ್ನೂ ಆರಿರಲಿಲ್ಲ. ನನ್ನ ಮೊಣಕಾಲಿಗೆ ಅದು ಹಿತವಾಗಿತ್ತು. ಕಂದೀಲಿಲ್ಲದಿದ್ದರೆ ಎದುರಿನವರ ಮುಖ ಕಾಣದಷ್ಟು ಹೊತ್ತಾಗಿತ್ತು, ಹಿಂದಾದರೆ ಇಷ್ಟು ಹೊತ್ತಿಗೆ ಇಲ್ಲಿ ಬರೀ ಗಾಳಿ. ನಾನು ಏಳಲು ನೆಲಕ್ಕೆ ಕೈ ಊರಿದೆ.

ಸುಗಲಾ ನನ್ನ ಸೆರಗು ಹಿಡಿದಳು. ಇನ್ನೊಂದು ಕೈಯಲ್ಲಿ ರೊಟ್ಟಿಯ ಚೂರಿತ್ತು, ಹೊಟ್ಟೆಯ ಮೇಲೆ ಕೈ ಇರಲಿಲ್ಲ.

"ಇನ್ನಷ್ಟು ಕುಂದ್ರೂಣು ಅಕ್ಕಾವ್ರ," ಎಂದಳು. "ಪೂರಾ ಕತ್ತಲಾಗ್ಲಿ."